ಕ್ಯಾಮೆರಾ ಮುಖದ ಕಡೆ ತಿರುಗಿದ್ದೇಕೆ? ಹಳೆಯ ವಿಡಿಯೋ ಗೇಮ್ ಜಾಹೀರಾತುಗಳ ತಮಾಷೆ

ಪ್ರಶ್ನೆ: ರಜೆಯ ದಿನ ಮಕ್ಕಳೊಂದಿಗೆ ಕುಳಿತು ಅಮೆರಿಕ ಮತ್ತು ಜಪಾನಿನ ಎಂಬತ್ತು, ತೊಂಬತ್ತರ ದಶಕದ ವಿಡಿಯೋ ಗೇಮ್ ಟಿವಿ ಜಾಹೀರಾತುಗಳನ್ನು ನೋಡಿದೆವು. ಒಂದರಲ್ಲಿ ಒಬ್ಬ ಮನುಷ್ಯ ಕತ್ತಲಲ್ಲಿ ನಿಂತು ಕಿರುಚುತ್ತಾನೆ. ಇನ್ನೊಂದರಲ್ಲಿ ಜೂಡೋ ಉಡುಪಿನವನೊಬ್ಬ ಸಿಕ್ಕಸಿಕ್ಕವರನ್ನು ಎತ್ತಿ ಎಸೆಯುತ್ತಾನೆ. ಮತ್ತೊಂದರಲ್ಲಿ ಸೂಟು ಹಾಕಿದ ಹಿರಿಯರೊಬ್ಬರು ಪರದೆಯ ಮೇಲಿನ ಚುಕ್ಕೆಗಳನ್ನು ತೋರಿಸಿ ಇದೇ ನಿಜವಾದ ಬೇಸ್‌ಬಾಲ್ ಎನ್ನುತ್ತಾರೆ. ಮಕ್ಕಳಂತೂ ಬಿದ್ದು ಬಿದ್ದು ನಕ್ಕರು. ಆ ಕಾಲದ ಜನ ಇವನ್ನೆಲ್ಲ ನಂಬಿದ್ದರೇ? ಇವುಗಳನ್ನು ಮಾಡಿದವರು ನಗಿಸಲೆಂದೇ ಮಾಡಿದ್ದರೇ, ಅಥವಾ ಈಗ ಮಾತ್ರ ನಗು ಬರುತ್ತಿದೆಯೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಎರಡೂ ಊಹೆಗಳು ಸರಿ. ಆ ಜಾಹೀರಾತುಗಳಲ್ಲಿ ಕೆಲವನ್ನು ನಗಿಸಲೆಂದೇ ಬಹಳ ಜಾಣತನದಿಂದ ಮಾಡಲಾಗಿತ್ತು. ಇನ್ನು ಕೆಲವನ್ನು ಪೂರ್ತಿ ಗಾಂಭೀರ್ಯದಿಂದಲೇ ಮಾಡಿದ್ದರು, ಕಾಲ ಸರಿದಂತೆ ಅವು ತಮಾಷೆಯಾಗಿ ಕಾಣತೊಡಗಿದವು. ಆದರೆ ಎರಡರ ಹಿಂದೆಯೂ ಇದ್ದದ್ದು ಒಂದೇ ಇಕ್ಕಟ್ಟು. ಸೋಪಿನ ಜಾಹೀರಾತಿನಲ್ಲಿ ನೊರೆ ತೋರಿಸಿದರೆ ಸಾಕು, ಕಾರಿನ ಜಾಹೀರಾತಿನಲ್ಲಿ ಕಾರು ಓಡಿಸಿದರೆ ಸಾಕು. ವಿಡಿಯೋ ಗೇಮಿನ ಜಾಹೀರಾತಿನಲ್ಲಿ ಆಟವನ್ನೇ ತೋರಿಸಿದರೆ, ಅದನ್ನು ಎಂದೂ ಆಡದವನ ಕಣ್ಣಿಗೆ ಕಾಣುತ್ತಿದ್ದದ್ದು ಅತ್ತಿತ್ತ ಸರಿಯುವ ಒಂದಷ್ಟು ಬಣ್ಣದ ಚೌಕಗಳು. ಆಟದ ರುಚಿಯೆಲ್ಲ ಜಾಯ್‌ಸ್ಟಿಕ್ ಹಿಡಿದವನ ಕೈಯಲ್ಲೂ ಮನಸ್ಸಿನಲ್ಲೂ ಇತ್ತು, ಅದನ್ನು ಮೂವತ್ತು ಸೆಕೆಂಡಿನಲ್ಲಿ ದೂರದಿಂದ ನೋಡುವವನಿಗೆ ದಾಟಿಸುವುದು ಕಷ್ಟ. ಹಾಗಾಗಿ ಜಾಹೀರಾತು ಮಾಡುವವರು ಕ್ಯಾಮೆರಾವನ್ನು ಪರದೆಯಿಂದ ಆಡುವವನ ಮುಖದ ಕಡೆಗೆ ತಿರುಗಿಸಿದರು. ಆ ಮುಖದ ಉತ್ಸಾಹಕ್ಕೂ ಆ ಪರದೆಯ ಚುಕ್ಕೆಗಳಿಗೂ ನಡುವೆ ಇರುವ ಅಜಗಜಾಂತರವೇ ನಿಮ್ಮ ಮಕ್ಕಳನ್ನು ನಗಿಸಿದ್ದು. ಇನ್ನೊಮ್ಮೆ ನೋಡುವಾಗ ಪ್ರತಿ ಜಾಹೀರಾತಿನಲ್ಲಿ ಆಟದ ಪರದೆ ಎಷ್ಟು ಹೊತ್ತು ಕಾಣುತ್ತದೆ ಎಂಬುದನ್ನು ಗಮನಿಸಿ; ಈ ಉದ್ಯಮದ ಇತಿಹಾಸವನ್ನು ಅದೊಂದರಿಂದಲೇ ಓದಬಹುದು.

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ವಿಡಿಯೋ ಕಂಪ್ಯೂಟರ್ ಸಿಸ್ಟಮ್ ಎಂಬ ತನ್ನ ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನು, ಮಾರುಕಟ್ಟೆಗೆ ತಂದಿತು. ಮುಂದೆ ಅದು ಅಟಾರಿ 2600 ಎಂದು ಹೆಸರಾಯಿತು. ಅದರೊಳಗಿದ್ದ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ ಕೇವಲ 128 ಬೈಟ್. ಈಗ ನೀವು ಓದುತ್ತಿರುವ ಈ ವಾಕ್ಯದ ಕನ್ನಡ ಅಕ್ಷರಗಳನ್ನು ಇಂದಿನ ಯುನಿಕೋಡ್ ಲೆಕ್ಕದಲ್ಲಿ ತುಂಬಿದರೆ ಅರ್ಧವೂ ಅದರಲ್ಲಿ ಹಿಡಿಸುವುದಿಲ್ಲ. ಇಡೀ ಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಜಾಗವಿರಲಿಲ್ಲವಾದ್ದರಿಂದ, ಟಿವಿಯ ಒಂದೊಂದು ಅಡ್ಡಗೆರೆಯನ್ನೂ ಅದು ಮೂಡುವ ಕ್ಷಣದಲ್ಲೇ ಪ್ರೋಗ್ರಾಂ ರಚಿಸಿಕೊಡಬೇಕಿತ್ತು. ಚಲಿಸುವ ವಸ್ತುಗಳಿಗೆಂದು ಯಂತ್ರ ಒದಗಿಸುತ್ತಿದ್ದದ್ದು ಎರಡು ಆಟಗಾರರು, ಎರಡು ಗುಂಡುಗಳು ಮತ್ತು ಒಂದು ಚೆಂಡು, ಅಷ್ಟೇ. ಇಷ್ಟರಲ್ಲೇ ಆ ಕಾಲದ ಪ್ರೋಗ್ರಾಮರ್‌ಗಳು ಮಾಡಿ ತೋರಿಸಿದ್ದು ಇಂದಿಗೂ ತಲೆದೂಗುವಂಥ ಕೆಲಸ. ಆದರೆ ಜಾಹೀರಾತಿನವರ ಪಾಡು ಬೇರೆ. ಅವರು ಬೇಸ್‌ಬಾಲಿನ ಪೀಟ್ ರೋಸ್, ಫುಟ್‌ಬಾಲಿನ ಪೆಲೆ, ಬಾಸ್ಕೆಟ್‌ಬಾಲಿನ ಕರೀಂ ಅಬ್ದುಲ್-ಜಬ್ಬಾರ್ ಅವರಂಥ ತಾರೆಯರನ್ನು ಕರೆತಂದು, ಇಂದು ರಾತ್ರಿ ಟಿವಿ ನೋಡಬೇಡಿ, ಅದನ್ನು ಆಡಿ ಎಂದು ಹೇಳಿಸಿದರು. ಏಳು ಅಡಿಗಿಂತ ಎತ್ತರದ ಕರೀಂ ಅವರ ಕೀರ್ತಿಯ ಬಲದಲ್ಲಿ, ಬೆಂಕಿಕಡ್ಡಿಯಂಥ ಇಬ್ಬರು ಆಟಗಾರರು ಚೌಕಾಕಾರದ ಚೆಂಡು ಎಸೆದಾಡುವ ಆಟವನ್ನು ಮಾರಲಾಯಿತು. ಎಂಬತ್ತರ ದಶಕದ ಆರಂಭದಲ್ಲಿ ನೀವು ಇಂದು ಅಟಾರಿ ಆಡಿದಿರಾ ಎಂದು ಕೇಳುವ ಹಾಡು ಬಂತು. ಅದರಲ್ಲಿ ಸೋಫಾದ ಮೇಲೆ ಕುಳಿತ ಇಡೀ ಕುಟುಂಬ ಜಿಗಿದು ಕುಣಿಯುವುದೇ ದೃಶ್ಯದ ಬಹುಪಾಲು.

ಪರದೆಯನ್ನು ಹಿಂದಕ್ಕೆ ಸರಿಸಲು ತಾಂತ್ರಿಕವಾದ ಇನ್ನೊಂದು ಕಾರಣವೂ ಇತ್ತು, ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅಂದಿನ ಜಾಹೀರಾತುಗಳನ್ನು ಹೆಚ್ಚಾಗಿ ಸೆಕೆಂಡಿಗೆ 24 ಚೌಕಟ್ಟುಗಳ ಫಿಲ್ಮಿನಲ್ಲಿ ಚಿತ್ರೀಕರಿಸುತ್ತಿದ್ದರು. ಅಮೆರಿಕದ ಪಿಕ್ಚರ್ ಟ್ಯೂಬ್ ಟಿವಿ ಸೆಕೆಂಡಿಗೆ ಸುಮಾರು 30 ಚಿತ್ರಗಳನ್ನು ಮೂಡಿಸುತ್ತಿತ್ತು. ಈ ಎರಡು ವೇಗಗಳು ಹೊಂದದ ಕಾರಣ, ಟಿವಿಯನ್ನು ನೇರವಾಗಿ ಚಿತ್ರೀಕರಿಸಿದರೆ ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಉರುಳುತ್ತಾ ಹೋಗುತ್ತಿತ್ತು, ಚಿತ್ರ ಮಿಣುಕುತ್ತಿತ್ತು. ಅದನ್ನು ತಪ್ಪಿಸಲು ವಿಶೇಷ ಕ್ಯಾಮೆರಾ ಬೇಕು, ಇಲ್ಲವೇ ಆಟದ ದೃಶ್ಯವನ್ನು ಬೇರೆಯಾಗಿ ಮುದ್ರಿಸಿಕೊಂಡು ಆಮೇಲೆ ಟಿವಿಯ ಚೌಕದೊಳಗೆ ಅಂಟಿಸಬೇಕು. ಮುಖವನ್ನು ಚಿತ್ರೀಕರಿಸಲು ಇಷ್ಟು ತಾಪತ್ರಯವಿಲ್ಲ.

ಈ ರೂಢಿಯನ್ನು ಮುರಿದು, ಪರದೆಯನ್ನೇ ಧೈರ್ಯವಾಗಿ ಮುಂದಿಟ್ಟವರು ನೀವು ಹೇಳಿದ ಸೂಟಿನ ಹಿರಿಯರು. ಅವರು ಜಾರ್ಜ್ ಪ್ಲಿಂಪ್ಟನ್. ಪ್ಯಾರಿಸ್ ರಿವ್ಯೂ ಎಂಬ ಪ್ರತಿಷ್ಠಿತ ಸಾಹಿತ್ಯ ಪತ್ರಿಕೆಯನ್ನು ಕಟ್ಟಿ ಬೆಳೆಸಿದ ಸಂಪಾದಕರು. ವೃತ್ತಿಪರ ಆಟಗಾರರ ನಡುವೆ ತಾವೇ ಇಳಿದು ಆಡಿ, ಆ ಅನುಭವವನ್ನು ಬರೆದು ಹೆಸರಾದ ಲೇಖಕರು. ಆಟಿಕೆ ಕಂಪನಿಯಾದ ಮ್ಯಾಟೆಲ್ 1980ರಲ್ಲಿ ಅಮೆರಿಕದಾದ್ಯಂತ ಬಿಡುಗಡೆ ಮಾಡಿದ ಇಂಟೆಲಿವಿಷನ್ ಎಂಬ ಕನ್ಸೋಲಿಗೆ ಅವರು ಪ್ರಚಾರಕರಾದರು. ಎರಡು ಟಿವಿಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಅಟಾರಿಯ ಬೇಸ್‌ಬಾಲ್, ಇನ್ನೊಂದರಲ್ಲಿ ಇಂಟೆಲಿವಿಷನ್‌ನ ಬೇಸ್‌ಬಾಲ್ ಹಾಕಿ, ತೋಳುಕುರ್ಚಿಯ ಪ್ರೊಫೆಸರರ ದನಿಯಲ್ಲಿ ಅವರು ವ್ಯತ್ಯಾಸವನ್ನು ವಿವರಿಸುತ್ತಾರೆ. ನಮ್ಮ ಕಣ್ಣಿಗೆ ಎರಡೂ ಚುಕ್ಕೆಗಳೇ. ಆದರೆ ಸ್ವಲ್ಪ ತಾಳ್ಮೆಯಿಂದ ನೋಡಿದರೆ ಪ್ಲಿಂಪ್ಟನ್ ಹೇಳಿದ್ದು ಅಕ್ಷರಶಃ ನಿಜ ಎಂದು ತಿಳಿಯುತ್ತದೆ: ಅಟಾರಿಯ ಮೈದಾನದಲ್ಲಿ ಬೆರಳೆಣಿಕೆಯ ಫೀಲ್ಡರುಗಳಿದ್ದರೆ, ಇಂಟೆಲಿವಿಷನ್‌ನಲ್ಲಿ ನಿಯಮದಂತೆ ಒಂಬತ್ತೂ ಜನ ಇದ್ದರು, ಅವರಿಗೆ ಕೈಕಾಲುಗಳಿದ್ದವು, ಓಡುವಾಗ ಕಾಲು ಆಡುತ್ತಿತ್ತು. ನಿಜಕ್ಕೆ ಅತ್ಯಂತ ಹತ್ತಿರವಾದದ್ದು ಎಂಬ ಅವರ ಘೋಷಣೆಯಲ್ಲಿ, ಹತ್ತಿರ ಎಂಬುದನ್ನು ಅಂದಿನ ಅಳತೆಗೋಲಿನಲ್ಲೇ ಅಳೆಯಬೇಕು. ಇದು ನನಗೆ ಈ ಇಡೀ ಪರಂಪರೆಯಲ್ಲಿ ಅತ್ಯಂತ ಪ್ರಿಯವಾದ ಜಾಹೀರಾತು. ಅದರಲ್ಲಿ ಸುಳ್ಳೇ ಇಲ್ಲ, ಆದರೂ ನಗು ತಡೆಯಲಾಗದು. ಅಷ್ಟು ಪಾಂಡಿತ್ಯವುಳ್ಳ ಮನುಷ್ಯರು ಅಷ್ಟು ಪುಟ್ಟ ಚಿತ್ರವನ್ನು ಅಷ್ಟು ಗೌರವದಿಂದ ನೋಡುತ್ತಾರೆ.

ಅಟಾರಿ ಸುಮ್ಮನಿರಲಿಲ್ಲ. ಪ್ಲಿಂಪ್ಟನ್ ಅವರಿಗೆ ಉತ್ತರವಾಗಿ ಒಬ್ಬ ಪುಟ್ಟ ಹುಡುಗನನ್ನು ನಿಲ್ಲಿಸಿ, ಸ್ಪೇಸ್ ಇನ್ವೇಡರ್ಸ್, ಆಸ್ಟರಾಯ್ಡ್ಸ್‌ನಂಥ ಆಟಗಳು ಆ ಕಡೆ ಇಲ್ಲವಲ್ಲ ಎಂದು ಕೇಳಿಸಿತು. ಇದು ಬಲವಾದ ಪೆಟ್ಟು. ಜನ ಅಂಗಡಿಗೆ ಹೋಗುತ್ತಿದ್ದದ್ದು ಆರ್ಕೇಡ್ ಎಂಬ ಆಟದ ಮಳಿಗೆಯಲ್ಲಿ ನಾಣ್ಯ ಹಾಕಿ ಆಡಿದ ಆಟವನ್ನು ಮನೆಗೆ ತರಲು. 1980ರಲ್ಲಿ ಸ್ಪೇಸ್ ಇನ್ವೇಡರ್ಸ್ ಬಂದ ಮೇಲೆಯೇ ಅಟಾರಿಯ ಮಾರಾಟ ನಾಗಾಲೋಟಕ್ಕೆ ಬಿದ್ದದ್ದು. ಇತ್ತ ಮ್ಯಾಟೆಲ್ ತನ್ನ ಯಂತ್ರವನ್ನು ಪೂರ್ಣ ಕಂಪ್ಯೂಟರಾಗಿ ಮಾಡುವ ಕೀಬೋರ್ಡ್ ಘಟಕವೊಂದು ಬರಲಿದೆ ಎಂದು ಪ್ರಚಾರ ಮಾಡುತ್ತಲೇ ಹೋಯಿತು. ಅದು ಹೇಳಿದ ಹೊತ್ತಿಗೆ ಬರಲಿಲ್ಲ, ಕೊನೆಗೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗೆ ದಂಡ ಹಾಕಿತು. ಅದೇ ಸುಮಾರಿಗೆ ಕಮೊಡೋರ್ ಕಂಪನಿಯ ವಿಕ್-20 ಕಂಪ್ಯೂಟರಿನ ಜಾಹೀರಾತಿನಲ್ಲಿ, ಟಿವಿ ಧಾರಾವಾಹಿಯ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಆಗಿ ಮನೆಮಾತಾಗಿದ್ದ ವಿಲಿಯಂ ಶಾಟ್ನರ್ ಮಿನುಗುವ ಬೆಳಕಿನಲ್ಲಿ ಪ್ರತ್ಯಕ್ಷರಾಗಿ, ಬರೀ ವಿಡಿಯೋ ಗೇಮ್ ಏಕೆ ಕೊಳ್ಳುತ್ತೀರಿ ಎಂದು ತಂದೆತಾಯಿಯರನ್ನು ಕೇಳಿದರು. ಭವಿಷ್ಯದ ಆ ಅದ್ಭುತ ಯಂತ್ರದ ರ‍್ಯಾಮ್ 5 ಕಿಲೋಬೈಟ್. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಮೊದಲ ಕಂಪ್ಯೂಟರ್ ಅದೇ ಎಂಬುದನ್ನು ಮರೆಯಬಾರದು.

ಜನ ನಂಬಿದ್ದರೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ 1982ರಲ್ಲಿದೆ. ಆ ವರ್ಷ ಅಟಾರಿ ಪ್ಯಾಕ್-ಮ್ಯಾನ್ ಅನ್ನು ಮನೆಗೆ ತಂದಾಗ ಜನ ಮುಗಿಬಿದ್ದು ಕೊಂಡರು. ಆರ್ಕೇಡಿನ ಆಟಕ್ಕೂ ಇದಕ್ಕೂ ಬಣ್ಣ, ಸದ್ದು, ಚಲನೆ ಯಾವುದರಲ್ಲೂ ಹೋಲಿಕೆ ಇಲ್ಲದ್ದನ್ನು ಕಂಡು ನಿರಾಶರಾದರು. ವರ್ಷದ ಕೊನೆಗೆ ಇ.ಟಿ. ಎಂಬ ಸಿನಿಮಾವನ್ನು ಆಧರಿಸಿದ ಆಟ ಬಂತು. ಸಿನಿಮಾದ ಹಕ್ಕಿನ ಮಾತುಕತೆ ಜುಲೈ ಹೊತ್ತಿಗೆ ಮುಗಿದು, ಕ್ರಿಸ್ಮಸ್ ಮಾರಾಟಕ್ಕೆ ಸೆಪ್ಟೆಂಬರಿನಲ್ಲೇ ಆಟ ಸಿದ್ಧವಾಗಬೇಕಿದ್ದುದರಿಂದ, ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬರೇ ಪ್ರೋಗ್ರಾಮರ್ ಅದನ್ನು ಸುಮಾರು ಐದು ವಾರಗಳಲ್ಲಿ ಬರೆದು ಮುಗಿಸಿದ್ದರು. ಜಾಹೀರಾತು ಸಿನಿಮಾದ ವಾತ್ಸಲ್ಯವನ್ನೆಲ್ಲ ಹೊತ್ತು ಬಂತು. ಕ್ಯಾಸೆಟ್ ಹಾಕಿದ ಮಕ್ಕಳ ಎದುರಿಗೆ ಬಂದದ್ದು ಮತ್ತೆ ಮತ್ತೆ ಗುಂಡಿಗೆ ಬೀಳುವ ಒಂದು ಹಸಿರು ಆಕೃತಿ. ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಹೊಂಡದಲ್ಲಿ ಹೂಳಲಾಯಿತು, 2014ರ ಏಪ್ರಿಲಿನಲ್ಲಿ ಅದನ್ನು ಅಗೆದು ತೆಗೆದಾಗ ಇ.ಟಿ.ಯ ಡಬ್ಬಿಗಳು ನಿಜಕ್ಕೂ ಸಿಕ್ಕವು. ಅಮೆರಿಕದಲ್ಲಿ ಈ ಉದ್ಯಮವೇ ಕುಸಿದುದಕ್ಕೆ ಇದೊಂದೇ ಕಾರಣವಲ್ಲ. ಕಳಪೆ ಆಟಗಳ ಪ್ರವಾಹ, ಬೆಲೆ ಇಳಿಕೆಯ ಪೈಪೋಟಿ, ಅಗ್ಗದ ಕಂಪ್ಯೂಟರ್‌ಗಳು ಎಲ್ಲವೂ ಸೇರಿದ್ದವು. ಆದರೆ ಜಾಹೀರಾತಿನ ಮುಖಕ್ಕೂ ಮನೆಯ ಪರದೆಗೂ ಇದ್ದ ದೂರಕ್ಕೆ ಗಿರಾಕಿಗಳು ಬೆಲೆ ತೆತ್ತಿದ್ದರು, ಮತ್ತು ಮುಂದೆ ಹುಷಾರಾದರು.

ಹೀಗೆ ವಿಡಿಯೋ ಗೇಮ್ ಎಂಬ ಹೆಸರು ಕೇಳಿದರೇ ಅಂಗಡಿಯವರು ಕೈಯಾಡಿಸಿ ಕಳುಹಿಸುತ್ತಿದ್ದ ಕಾಲದಲ್ಲಿ, 1985ರಲ್ಲಿ, ಜಪಾನಿನ ನಿಂಟೆಂಡೊ ನ್ಯೂಯಾರ್ಕಿಗೆ ಬಂತು. ಅದು ತನ್ನ ಯಂತ್ರವನ್ನು ಮನರಂಜನಾ ವ್ಯವಸ್ಥೆ ಎಂದು ಕರೆಯಿತು, ಜಾಹೀರಾತಿನಲ್ಲಿ ರಾಬ್ ಎಂಬ ಪ್ಲಾಸ್ಟಿಕ್ ರೋಬೋಟನ್ನು ಮುಂದೆ ನಿಲ್ಲಿಸಿತು. ರಾಬ್‌ನ ಕಣ್ಣಿನೊಳಗೆ ಬೆಳಕಿನ ಸಂವೇದಕವಿತ್ತು. ಟಿವಿ ಪರದೆ ಮಿನುಗುವ ಸಂಜ್ಞೆಗಳನ್ನು ಅದು ಓದಿಕೊಂಡು, ಕೈಗಳನ್ನು ನಿಧಾನಕ್ಕೆ ತಿರುಗಿಸಿ, ಬುಗುರಿಯೊಂದನ್ನು ಎತ್ತಿ ಇನ್ನೊಂದೆಡೆ ಇಡುತ್ತಿತ್ತು, ಆ ಭಾರಕ್ಕೆ ಕಂಟ್ರೋಲರಿನ ಗುಂಡಿ ಅದುಮಿಕೊಳ್ಳುತ್ತಿತ್ತು. ಜಾಹೀರಾತಿನಲ್ಲಿ ಅದು ಭವಿಷ್ಯದಿಂದ ಬಂದ ಸಂಗಾತಿಯಂತೆ ಕಾಣುತ್ತದೆ. ಮನೆಯಲ್ಲಿ ಮಾತ್ರ, ಒಂದು ಗುಂಡಿ ಒತ್ತಿಸಲು ಮಗು ಅಷ್ಟು ಹೊತ್ತು ಕಾಯಬೇಕಿತ್ತು. ಅದು ಎರಡೇ ಆಟಗಳಿಗೆ ಉಪಯೋಗಕ್ಕೆ ಬಂತು. ಆದರೆ ಅದರ ಕೆಲಸ ಅಲ್ಲಿಗೆ ಮುಗಿದಿತ್ತು: ಆಟಿಕೆಯ ವೇಷದಲ್ಲಿ ಯಂತ್ರ ಅಂಗಡಿಯ ಹೊಸ್ತಿಲು ದಾಟಿತ್ತು.

ಕತ್ತಲಲ್ಲಿ ಕಿರುಚುವ ಮನುಷ್ಯನ ಜಾಹೀರಾತು ದಿ ಲೆಜೆಂಡ್ ಆಫ್ ಜೆಲ್ಡಾ ಆಟದ್ದು, ಅಮೆರಿಕದಲ್ಲಿ ಅದು 1987ರಲ್ಲಿ ಬಂತು. ಕೆದರಿದ ಕೂದಲಿನ ಆತ ಆಟದೊಳಗಿನ ರಾಕ್ಷಸರ ಹೆಸರುಗಳನ್ನು ಒಂದೊಂದಾಗಿ ಹೇಳಿ ಬೆಚ್ಚಿ ಬೀಳುತ್ತಾ, ರಾಜಕುಮಾರಿ ಜೆಲ್ಡಾಳ ಹೆಸರನ್ನು ಕೂಗುತ್ತಾ ಹೋಗುತ್ತಾನೆ. ಹುಚ್ಚಾಟದಂತೆ ಕಾಣುವ ಇದರಲ್ಲಿ ಒಂದು ತರ್ಕವಿದೆ. ಜೆಲ್ಡಾ ನಿಧಾನದ ಆಟ: ಕಾಡು, ಬೆಟ್ಟ, ಗುಹೆಗಳನ್ನು ಅಲೆದು, ಪೊದೆ ಸುಟ್ಟು, ಗೋಡೆ ಒಡೆದು, ಗುಟ್ಟುಗಳನ್ನು ಹುಡುಕುತ್ತಾ ದಿನಗಟ್ಟಲೆ ಆಡುವಂಥದ್ದು, ಆಡಿದ್ದನ್ನು ಉಳಿಸಿಕೊಳ್ಳಲು ಅದರ ಚಿನ್ನದ ಬಣ್ಣದ ಕ್ಯಾಸೆಟ್ಟಿನೊಳಗೆ ಬ್ಯಾಟರಿಯನ್ನೇ ಇಟ್ಟಿದ್ದರು. ಅದರ ಯಾವ ಮೂವತ್ತು ಸೆಕೆಂಡುಗಳನ್ನು ತೋರಿಸಿದರೂ ಆ ಆಳ ತಿಳಿಯುತ್ತಿರಲಿಲ್ಲ. ವಾರಗಟ್ಟಲೆ ಆಡಿ ತಲೆಕೆಟ್ಟವನನ್ನು ತೋರಿಸಿದರೆ ತಿಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಅದೇ ಆಟಕ್ಕೆ ಇನ್ನೊಂದು ಜಾಹೀರಾತೂ ಇತ್ತು: ಕೋಣೆಯಲ್ಲಿ ಕುಳಿತ ಇಬ್ಬರು ಸಾಧು ಹುಡುಗರು ನಿಂಟೆಂಡೊದ ಸುದ್ದಿಪತ್ರ ನೋಡಿ ಗ್ರಾಫಿಕ್ಸ್ ಚೆನ್ನಾಗಿದೆ ಎಂದು ಮೆಚ್ಚಿಕೊಂಡು, ಇದ್ದಕ್ಕಿದ್ದಂತೆ ರ‍್ಯಾಪ್ ಹಾಡತೊಡಗುತ್ತಾರೆ. ತಾಳ ತಪ್ಪುತ್ತದೆ, ಪ್ರಾಸ ಎಳೆದು ತಂದದ್ದು, ಆದರೂ ಆ ಹುಡುಗರ ಮುಖದಲ್ಲಿ ಕಿಂಚಿತ್ತೂ ಸಂಕೋಚವಿಲ್ಲ. ಇದನ್ನು ನೋಡಿ ನಗುವುದು ಸುಲಭ. ಆ ಮುಗ್ಧತೆಯನ್ನು ಬೇಕೆಂದು ನಟಿಸಿ ತೋರಿಸುವುದು ಬಹಳ ಕಷ್ಟ.

ಜಪಾನಿನವರು ಇದೇ ಸಮಸ್ಯೆಗೆ ಬೇರೆ ಉತ್ತರ ಕಂಡುಕೊಂಡರು. 1991ರ ಕೊನೆಗೆ ಅಲ್ಲಿ ಬಂದ ಈ ಸರಣಿಯ ಮೂರನೆಯ ಆಟದ ಜಾಹೀರಾತಿನಲ್ಲಿ ನಾಯಕ, ರಾಜಕುಮಾರಿ, ಖಳ, ರಾಕ್ಷಸರು ಎಲ್ಲರೂ ಮನುಷ್ಯರಾಗಿ ವೇಷ ಕಟ್ಟಿ ಬಂದು, ಸ್ಚಾ ದಾರಾ ಪಾರ್ ಎಂಬ ರ‍್ಯಾಪ್ ತಂಡದ ಹಾಡಿಗೆ ಸಾಲಾಗಿ ನಿಂತು ಕುಣಿಯುತ್ತಾರೆ. ಯಕ್ಷಗಾನದ ಒಡ್ಡೋಲಗ ನೋಡಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಯುದ್ಧ ಆಮೇಲೆ ನಡೆಯಲಿ, ಮೊದಲು ವೇಷಗಳೆಲ್ಲ ಕುಣಿದು ಪರಿಚಯವಾಗಲಿ. ಅಮೆರಿಕದಲ್ಲಿ 1990ರ ಸೂಪರ್ ಮಾರಿಯೋ ಬ್ರದರ್ಸ್ 3 ಜಾಹೀರಾತು ಇನ್ನೂ ಮುಂದೆ ಹೋಗಿ ಆಟವನ್ನು ಪೂರ್ತಿ ಕೈಬಿಟ್ಟಿತು. ಜನ ಮಾರಿಯೋ, ಮಾರಿಯೋ ಎಂದು ಕೂಗುತ್ತಾರೆ. ಕ್ಯಾಮೆರಾ ಮೇಲಕ್ಕೆ ಮೇಲಕ್ಕೆ ಹೋಗಿ ಬಾಹ್ಯಾಕಾಶದಿಂದ ನೋಡಿದಾಗ, ಆ ಜನಸಾಗರವೇ ಭೂಮಿಯ ಮೇಲೆ ಮಾರಿಯೋನ ಮುಖವಾಗಿ ಮೂಡಿರುತ್ತದೆ. ನಿಂಟೆಂಡೊಗೆ ಆ ಹೊತ್ತಿಗೆ ಪರದೆಯನ್ನು ತೋರಿಸಬೇಕಾದ ಅಗತ್ಯವೇ ಉಳಿದಿರಲಿಲ್ಲ.

ಅದನ್ನು ಎದುರಿಸಬೇಕಾಗಿದ್ದ ಸೆಗಾ ಕಂಪನಿಗೆ ಆ ಐಷಾರಾಮ ಇರಲಿಲ್ಲ. 1989ರಲ್ಲಿ ಜೆನೆಸಿಸ್ ಕನ್ಸೋಲ್ ತಂದ ಮೇಲೆ, ನಿಂಟೆಂಡೊ ಮಾಡದ್ದನ್ನು ಜೆನೆಸಿಸ್ ಮಾಡುತ್ತದೆ ಎಂಬ ನೇರ ಸವಾಲಿನ ಪ್ರಾಸಬದ್ಧ ಹಾಡನ್ನು ಅದು ಹರಿಯಬಿಟ್ಟಿತು. ಆ ಜಾಹೀರಾತಿನಲ್ಲಿ ಆಟದ ತುಣುಕುಗಳು ಒಂದರ ಹಿಂದೊಂದು ಬರುತ್ತವೆ. ಸೆಗಾ ಬಳಿ ತೋರಿಸಲು ಏನೋ ಇತ್ತು. 1992ರಿಂದ ಸ್ಯಾನ್ ಫ್ರಾನ್ಸಿಸ್ಕೊದ ಏಜೆನ್ಸಿಯೊಂದು ಮಾಡಿದ ಜಾಹೀರಾತುಗಳಲ್ಲಿ ದೃಶ್ಯಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ, ಕೊನೆಗೊಬ್ಬ ಕ್ಯಾಮೆರಾಕ್ಕೆ ಮುಖವಿಟ್ಟು ಸೆಗಾ ಎಂದು ಅರಚುತ್ತಾನೆ. ಈ ಕಂಪನಿಗೆ ತನ್ನ ಹೆಸರಿನ ಕೂಗಿನ ಮೇಲೆ ಎಷ್ಟು ಪ್ರೀತಿಯಿತ್ತೆಂದರೆ, ಜಪಾನಿನ ಟಿವಿ ಜಾಹೀರಾತಿನಲ್ಲಿ ಬಳಸುತ್ತಿದ್ದ ಸೆಗಾ ಎಂಬ ಹಾಡುದನಿಯನ್ನು 1991ರ ಸಾನಿಕ್ ಆಟದ ಆರಂಭಕ್ಕೆ ಸೇರಿಸಿದರು. ಆ ಒಂದೇ ಪದದ ಧ್ವನಿಮುದ್ರಣ ಇಡೀ ಕ್ಯಾಸೆಟ್ಟಿನ ಎಂಟನೆಯ ಒಂದು ಭಾಗದಷ್ಟು ಜಾಗವನ್ನು ತಿಂದಿತು.

ಸೆಗಾದ ಒಂದು ಜಾಹೀರಾತನ್ನು ಮಾತ್ರ ಹತ್ತಿರದಿಂದ ನೋಡಲೇಬೇಕು. ರೇಸ್ ಟ್ರ್ಯಾಕಿನ ಮೇಲೆ ಎರಡು ವಾಹನಗಳು ನಿಂತಿವೆ. ಒಂದು ರೇಸಿನ ಕಾರು, ಅದಕ್ಕೆ ಕಟ್ಟಿದ ಟಿವಿಯಲ್ಲಿ ಸಾನಿಕ್ 2 ಓಡುತ್ತಿದೆ. ಇನ್ನೊಂದು ಹಾಲಿನ ಹಳೆಯ ವ್ಯಾನು, ಅದರ ಟಿವಿಯಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲ್ ಆದ ಸೂಪರ್ ನಿಂಟೆಂಡೊದ ಮಾರಿಯೋ ಕಾರ್ಟ್. ಕಾರು ಬೆಂಕಿಯುಗುಳಿ ಮಾಯವಾಗುತ್ತದೆ, ವ್ಯಾನು ಕೆಮ್ಮುತ್ತಾ ಅಲ್ಲೇ ಉಳಿಯುತ್ತದೆ. ಜೆನೆಸಿಸ್‌ನಲ್ಲಿ ಬ್ಲಾಸ್ಟ್ ಪ್ರೊಸೆಸಿಂಗ್ ಇದೆ ಎಂದು ಘೋಷಣೆಯಾಗುತ್ತದೆ. ಅಮೆರಿಕದ ಶಾಲಾ ಮೈದಾನಗಳಲ್ಲಿ ಮಕ್ಕಳು ಈ ಮಾತನ್ನು ಹಿಡಿದು ಜಗಳವಾಡಿದರು. ನಿಜಾಂಶವೇನೆಂದರೆ, ಜೆನೆಸಿಸ್‌ನ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್ ವೇಗದ್ದು, ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58 ಮೆಗಾಹರ್ಟ್ಸ್‌ನದು. ಎರಡೂ ಬೇರೆ ಬೇರೆ ಜಾತಿಯ ಚಿಪ್‌ಗಳಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದಿದ್ದರೂ, ವೇಗದ ಮಾತಿನಲ್ಲಿ ಹುರುಳಿತ್ತು. ಬ್ಲಾಸ್ಟ್ ಪ್ರೊಸೆಸಿಂಗ್ ಎಂಬ ಹೆಸರಿನ ಮೂಲ ಮಾತ್ರ ಬೇರೆಯದು: ಚಿತ್ರದ ಬಣ್ಣದ ಮಾಹಿತಿಯನ್ನು ಅತಿವೇಗವಾಗಿ ಪರದೆಗೆ ತಳ್ಳುವ ಒಂದು ತಾಂತ್ರಿಕ ಉಪಾಯದ ಬಗ್ಗೆ ಸೆಗಾದ ತಂತ್ರಜ್ಞರು ಆಡಿದ ಮಾತು ಪ್ರಚಾರ ವಿಭಾಗದವರ ಕಿವಿಗೆ ಬಿದ್ದು, ಅಲ್ಲಿಂದ ಘೋಷಣೆಯಾಗಿ ಹೊರಬಂತು. ಸಾನಿಕ್‌ನ ಓಟಕ್ಕೂ ಆ ಉಪಾಯಕ್ಕೂ ಸಂಬಂಧವಿರಲಿಲ್ಲ.

ಸೆಗಾದ ಕೈಯಲ್ಲಿ ಹಿಡಿಯುವ ಗೇಮ್ ಗಿಯರ್‌ನ ಜಾಹೀರಾತುಗಳು ಇನ್ನೂ ಒರಟು. ನಿಂಟೆಂಡೊದ ಗೇಮ್ ಬಾಯ್‌ನ ಹಸಿರುಮಿಶ್ರಿತ ಪರದೆಯಲ್ಲಿ ಬಣ್ಣ ಕಾಣಲೆಂದು ಒಬ್ಬ ಹುಡುಗ ಸತ್ತು ಸೆಟೆದ ಅಳಿಲಿನಿಂದ ತನ್ನ ತಲೆಗೆ ಹೊಡೆದುಕೊಳ್ಳುವುದನ್ನು ಒಂದರಲ್ಲಿ ತೋರಿಸಿದರು. ಗೇಮ್ ಗಿಯರ್‌ಗೆ ಬಣ್ಣದ ಪರದೆ ಇದ್ದದ್ದು ನಿಜ. ಜಾಹೀರಾತಿನಲ್ಲಿ ಹೇಳದೆ ಬಿಟ್ಟದ್ದು, ಆರು ಸೆಲ್‌ಗಳನ್ನು ಹಾಕಿದರೂ ಅದು ಮೂರರಿಂದ ಐದು ಗಂಟೆಯಲ್ಲಿ ನಿಂತುಹೋಗುತ್ತಿತ್ತು ಎಂಬುದನ್ನು. ನಾಲ್ಕು ಸೆಲ್‌ಗಳ ಗೇಮ್ ಬಾಯ್ ಹತ್ತು ಗಂಟೆಗೂ ಮಿಕ್ಕಿ ಓಡುತ್ತಿತ್ತು, ಮಾರುಕಟ್ಟೆಯಲ್ಲಿ ಗೆದ್ದದ್ದೂ ಅದೇ. 1993ರಲ್ಲಿ ಅಟಾರಿ ತನ್ನ ಕೊನೆಯ ಕನ್ಸೋಲ್ ಜಾಗ್ವಾರ್ ಅನ್ನು 64 ಬಿಟ್ (ಅಂದಿನ ಪ್ರಚಾರದಲ್ಲಿ ಯಂತ್ರದ ಶಕ್ತಿಯ ಅಳತೆ) ಎಂದು ಸಾರಿ, ನೀವೇ ಲೆಕ್ಕ ಹಾಕಿ ಎಂದು ಜಾಹೀರಾತು ಕೊಟ್ಟಿತು. ಜನ ಲೆಕ್ಕ ಹಾಕಿದರು, ಆದರೆ ಎಣಿಸಿದ್ದು ಆಟಗಳನ್ನು. ಅವು ಬಹಳ ಕಡಿಮೆ ಇದ್ದವು.

ನೀವು ಕೇಳಿದ ಜೂಡೋ ಮನುಷ್ಯ ಸೆಗಾಟಾ ಸನ್ಶಿರೊ. 1997 ಮತ್ತು 1998ರಲ್ಲಿ ಜಪಾನಿನಲ್ಲಿ ಸೆಗಾ ಸ್ಯಾಟರ್ನ್ ಕನ್ಸೋಲಿಗಾಗಿ ಹುಟ್ಟಿದ ಪಾತ್ರವಿದು. ಎಪ್ಪತ್ತರ ದಶಕದ ಟಿವಿಯಲ್ಲಿ ಕಾಮೆನ್ ರೈಡರ್ ಎಂಬ ವೀರನಾಗಿ ಜಪಾನಿನ ಮಕ್ಕಳ ಆರಾಧ್ಯನಾಗಿದ್ದ ನಟ ಹಿರೋಶಿ ಫುಜಿಯೋಕಾ ಅದನ್ನು ನಿರ್ವಹಿಸಿದರು. ಸ್ಯಾಟರ್ನ್ ಆಡದೆ ಕುಣಿಯುತ್ತಾ ಕಾಲ ಕಳೆಯುವ ಯುವಕರನ್ನು ಈತ ಹಿಡಿದು ಎತ್ತಿ ಎಸೆಯುತ್ತಾನೆ, ಬಿದ್ದವರು ಸಿಡಿಯುತ್ತಾರೆ. ತಾನು ಮಾತ್ರ ಆಳೆತ್ತರದ ಸ್ಯಾಟರ್ನ್ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿ, ಅದರ ದೊಡ್ಡ ಗುಂಡಿಗಳನ್ನು ಮುಷ್ಟಿಯಿಂದ ಗುದ್ದಿ ಸಾಧನೆ ಮಾಡುತ್ತಾನೆ. ಇದು ನೂರಕ್ಕೆ ನೂರು ನಗಿಸಲೆಂದೇ ಮಾಡಿದ್ದು. ಅದು ಇಷ್ಟು ಚೆನ್ನಾಗಿ ಫಲಿಸಲು ಕಾರಣ ಫುಜಿಯೋಕಾ ಅವರು ಒಂದು ಕ್ಷಣವೂ ತಾವು ಹಾಸ್ಯ ಮಾಡುತ್ತಿದ್ದೇವೆ ಎಂದು ತೋರಿಸಿಕೊಳ್ಳದಿರುವುದು. ಹಳೆಯ ಸಮರಕಲೆಯ ಚಿತ್ರಗಳ ಗಾಂಭೀರ್ಯವನ್ನು ಅವರು ಪೂರ್ತಿಯಾಗಿ ಉಳಿಸಿಕೊಂಡರು. ಕೊನೆಯ ಜಾಹೀರಾತಿನಲ್ಲಿ ಸೆಗಾ ಕಚೇರಿಯ ಮೇಲೆ ಬೀಳಲಿದ್ದ ಕ್ಷಿಪಣಿಯನ್ನು ಆತ ತಬ್ಬಿ ಹಿಡಿದು, ಬಾಹ್ಯಾಕಾಶಕ್ಕೆ ಒಯ್ದು, ತನ್ನನ್ನೇ ಅರ್ಪಿಸಿಕೊಳ್ಳುತ್ತಾನೆ. ಹೊಸ ಕನ್ಸೋಲ್ ಬರುವ ಮುನ್ನ ಹಳೆಯದಕ್ಕೆ ಇಷ್ಟು ಗೌರವದ ವಿದಾಯವನ್ನು ಬೇರೆ ಯಾವ ಕಂಪನಿಯೂ ಹೇಳಿದ್ದನ್ನು ನಾನು ಕಂಡಿಲ್ಲ.

ಆ ಹೊಸ ಕನ್ಸೋಲ್ 1998ರ ನವೆಂಬರಿನಲ್ಲಿ ಬಂದ ಡ್ರೀಮ್‌ಕಾಸ್ಟ್. ಅದರ ಜಾಹೀರಾತಿನಲ್ಲಿ ಯಾವ ತಾರೆಯೂ ಇಲ್ಲ, ಸೆಗಾದ ಹಿರಿಯ ಅಧಿಕಾರಿ ಹಿದೆಕಾಜು ಯುಕಾವಾ ಸ್ವತಃ ಇದ್ದಾರೆ. ದಾರಿಯಲ್ಲಿ ಹುಡುಗರಿಬ್ಬರು ಸೆಗಾ ಹಳಸಲು, ಪ್ಲೇಸ್ಟೇಷನ್ (ಸೋನಿ ಕಂಪನಿಯ ಕನ್ಸೋಲ್) ಚೆನ್ನಾಗಿದೆ ಎಂದು ಮಾತಾಡಿಕೊಳ್ಳುವುದು ಅವರ ಕಿವಿಗೆ ಬೀಳುತ್ತದೆ. ಅವರು ಕುಸಿದುಹೋಗಿ, ಕುಡಿದು, ಬೀದಿಯಲ್ಲಿ ಪೆಟ್ಟು ತಿಂದು, ಮನೆ ಬಾಗಿಲಲ್ಲಿ ಬಿದ್ದುಬಿಡುತ್ತಾರೆ. ತನ್ನ ಸೋಲನ್ನು ತನ್ನದೇ ಅಧಿಕಾರಿಯ ಮುಖದಲ್ಲಿ ಟಿವಿಯಲ್ಲಿ ತೋರಿಸಿದ ಕಂಪನಿ ಇದು. ಮುಂದಿನ ಜಾಹೀರಾತುಗಳಲ್ಲಿ ಅವರಿಗೆ ಹಿಂಬಡ್ತಿಯಾದ ಕಥೆಯನ್ನೂ ತಂದರು. ಜನ ಯುಕಾವಾ ಅವರನ್ನು ಮನಸಾರೆ ಪ್ರೀತಿಸಿದರು. ಆದರೆ ಚಿಪ್‌ಗಳ ಕೊರತೆಯಿಂದ ಅಂಗಡಿಗಳಿಗೆ ಸಾಕಷ್ಟು ಯಂತ್ರಗಳು ಬರಲಿಲ್ಲ.

ಅದಕ್ಕೂ ಮೊದಲು, 1996ರಲ್ಲಿ, ಅಮೆರಿಕದಲ್ಲಿ ಪ್ಲೇಸ್ಟೇಷನ್ ತನ್ನ ಆಟದ ನಾಯಕ ಕ್ರ್ಯಾಶ್ ಬ್ಯಾಂಡಿಕೂಟ್‌ನ ದೊಗಳೆ ವೇಷ ತೊಟ್ಟವನೊಬ್ಬನನ್ನು ನಿಂಟೆಂಡೊದ ಕಚೇರಿಯ ಮುಂದೆಯೇ ಕಳುಹಿಸಿ, ಮೆಗಾಫೋನಿನಲ್ಲಿ ಮಾರಿಯೋನನ್ನು ಕೆಣಕಿಸಿ, ಕಾವಲುಗಾರನ ಕೈಯಲ್ಲಿ ಹೊರಗೆ ಹಾಕಿಸಿತು. 1999ರಲ್ಲಿ ನಿಂಟೆಂಡೊ ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಟಕ್ಕಾಗಿ ಮಾರಿಯೋ, ಯೋಶಿ, ಡಾಂಕಿ ಕಾಂಗ್, ಪಿಕಾಚುಗಳ ದಪ್ಪ ಬೊಂಬೆವೇಷಗಳು ಕೈಕೈ ಹಿಡಿದು ಹೂತೋಟದಲ್ಲಿ ಕುಣಿಯುತ್ತಾ ಬರುವಂತೆ ಮಾಡಿ, ಮಾರಿಯೋ ಕಾಲು ಅಡ್ಡ ಕೊಟ್ಟು ಯೋಶಿಯನ್ನು ಬೀಳಿಸಿದ ಕೂಡಲೇ ಎಲ್ಲರೂ ಗುದ್ದಾಟಕ್ಕೆ ಇಳಿಯುವಂತೆ ತೋರಿಸಿತು. ಆಟ ಏನೆಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ ಜಾಹೀರಾತು ಅಪರೂಪ.

ನಮ್ಮಲ್ಲಿ ಇವುಗಳನ್ನು ಅಂದೇ ನೋಡಿದವರು ಬಹಳ ಕಡಿಮೆ. 1995ರಲ್ಲಿ ಸೆಗಾ ಶಾ ವಾಲೇಸ್ ಕಂಪನಿಯ ಮೂಲಕ ಭಾರತಕ್ಕೆ ಬಂದಾಗ, ಅಮೆರಿಕದಲ್ಲಿ ಜೆನೆಸಿಸ್ ಎಂದು ಕರೆಯುತ್ತಿದ್ದ ಮೆಗಾ ಡ್ರೈವ್‌ನ ಬೆಲೆ 18,000 ರೂಪಾಯಿ, ಮಧ್ಯಮ ವರ್ಗದ ಮನೆಗೆ ಎಟುಕುವಂಥದ್ದಲ್ಲ. ಹೆಚ್ಚಿನ ಮನೆಗಳಿಗೆ ಬಂದದ್ದು ನಿಂಟೆಂಡೊದ ನಕಲು ಯಂತ್ರಗಳು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆಗಳಿಂದ. ಅವುಗಳ ಪಾಲಿಗೆ ಕ್ಯಾಸೆಟ್ಟಿನ ಮೇಲಿನ ಚೀಟಿಯೇ ಜಾಹೀರಾತು: 9999 ಆಟಗಳು ಎಂದು ಬರೆದಿರುತ್ತಿತ್ತು, ಒಳಗೆ ಬೆರಳೆಣಿಕೆಯ ಆಟಗಳೇ ಹೆಸರು, ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅದನ್ನು ಕೊಂಡ ಮಕ್ಕಳಿಗೆ, ಅಮೆರಿಕದ ಮಕ್ಕಳು ಇ.ಟಿ. ಕ್ಯಾಸೆಟ್ ಹಾಕಿದಾಗ ಏನನ್ನಿಸಿರಬಹುದು ಎಂಬುದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇಂದಿನ ಜಾಹೀರಾತುಗಳಲ್ಲಿ ಇಷ್ಟು ಹುಚ್ಚಾಟ ಏಕಿಲ್ಲ ಎಂದು ಮಕ್ಕಳು ಕೇಳಿದರೆ, ಪರದೆಯೇ ಈಗ ಸಿನಿಮಾದಂತೆ ಕಾಣುತ್ತದೆ, ಮುಖ ತೋರಿಸುವ ಅಗತ್ಯ ತಪ್ಪಿತು ಎಂದು ಹೇಳಿ. ತಕರಾರು ಮಾತ್ರ ಮುಗಿದಿಲ್ಲ, ದಿಕ್ಕು ಬದಲಿಸಿದೆ: 2006ರಲ್ಲಿ ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರವು ಕಾಲ್ ಆಫ್ ಡ್ಯೂಟಿ 2 ಆಟದ ಟಿವಿ ಜಾಹೀರಾತು ಜನರನ್ನು ತಪ್ಪುದಾರಿಗೆ ಎಳೆಯುತ್ತದೆ ಎಂದು ತೀರ್ಮಾನಿಸಿತು, ಅದರಲ್ಲಿದ್ದ ದೃಶ್ಯಗಳು ಆಟದೊಳಗಿನವು ಆಗಿರಲಿಲ್ಲ, ಬೇರೆಯಾಗಿ ತಯಾರಿಸಿದವು. ಪ್ಲಿಂಪ್ಟನ್ ಅವರಿಗೆ ಈ ದೂರು ತಟ್ಟುವುದಿಲ್ಲ, ಅವರು ತೋರಿಸಿದ್ದು ಮನೆಗೆ ಬರುತ್ತಿದ್ದ ಅದೇ ಚುಕ್ಕೆಗಳನ್ನು. ಮುಂದಿನ ರಜೆಯಲ್ಲಿ ನೋಡುವಾಗ ಅವರಿಂದ ಆರಂಭಿಸಿ, ನಡುವೆ ಜೆಲ್ಡಾದ ಅಮೆರಿಕದ ರ‍್ಯಾಪ್ ಮತ್ತು ಜಪಾನಿನ ಕುಣಿತವನ್ನು ಒಂದರ ಹಿಂದೊಂದು ಹಾಕಿ, ಸೆಗಾಟಾ ಸನ್ಶಿರೊನ ಸರಣಿಯನ್ನು ಬಿಡಿಬಿಡಿಯಾಗಿ ನೋಡದೆ ಕ್ರಮವಾಗಿ ಕೊನೆಯವರೆಗೆ ನೋಡಿ.